ಬೆಳಗಾವಿಯಲ್ಲಿ ಮರಾಠಿ ಬಾರದೆ ನಡೆಯುತ್ತದೆಯೇ?

ಮೈಸೂರಿನಿಂದ ಬೆಳಗಾವಿಗೆ ವರ್ಗವಾಗಿರುವ ತಾವು, ಮರಾಠಿ ಬಾರದವರು ಅಲ್ಲಿ ಬಾಳುವುದು ಕಷ್ಟವೇ, ಆ ಭಾಷೆಗೆ ಅಲ್ಲಿರುವ ಸ್ಥಾನವೇನು ಎಂದು ಕೇಳಿದ್ದೀರಿ. ಬೆಳಗಾವಿ ಊರಿನದೇ ಭಾಗವಾದ ಶಹಾಪುರದಲ್ಲಿ ಇಪ್ಪತ್ತು ವರ್ಷ ಕಳೆದ ಕನ್ನಡಿಗನಾಗಿ ಉತ್ತರಿಸುತ್ತಿದ್ದೇನೆ.

ಕಷ್ಟವೇನಿಲ್ಲ. ರವಿವಾರ ಪೇಟೆಯಲ್ಲಿ ನಾನು ಕೊತ್ತಂಬರಿ ಕೊಳ್ಳುವ ಅಜ್ಜಿ ನನಗೆ "ಸೂಡಿಗೆ ಹತ್ ರೂಪಾಯಿ ನೋಡ್ರಿ" ಎನ್ನುತ್ತಾರೆ, ಮರುಗಳಿಗೆಯಲ್ಲಿ ಪಕ್ಕದ ಅಂಗಡಿಯವನತ್ತ ತಿರುಗಿ "ಸುಟ್ಟೆ ಆಹೇತ್ ಕಾ?" ಎಂದು ಚಿಲ್ಲರೆ ಕೇಳುತ್ತಾರೆ. ಎದುರಿಗಿರುವವರ ಮುಖ ನೋಡಿ ಭಾಷೆ ಬದಲಿಸುವುದು ಅವರಿಗೆ ತಕ್ಕಡಿ ಹಿಡಿದಷ್ಟೇ ಸಲೀಸು.

ಕಚೇರಿಯ ಭಾಷೆ ಕನ್ನಡ. ಆದರೆ ಸರ್ಕಾರಿ ಮರಾಠಿ ಶಾಲೆಗಳಿವೆ, ಊರಿನಿಂದಲೇ ಮರಾಠಿ ದಿನಪತ್ರಿಕೆ ಹೊರಡುತ್ತದೆ, ಖಾನಾಪುರದ ಕಡೆ ಹೋದಂತೆ ಮರಾಠಿ ದಟ್ಟವಾಗುತ್ತದೆ, ಬೈಲಹೊಂಗಲದ ಕಡೆ ಹೊರಳಿದರೆ ತೆಳುವಾಗುತ್ತದೆ. 1956ರಲ್ಲಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಹುಟ್ಟಿದ ಗಡಿ ವಾದ, ಅದನ್ನು ಬಗೆಹರಿಸಲು ಕೇಂದ್ರ ನೇಮಿಸಿದ ಮಹಾಜನ ಆಯೋಗದ 1967ರ ವರದಿಯ ನಂತರವೂ ತಣ್ಣಗಾಗಲಿಲ್ಲ. ಬೆಳಗಾವಿ ತನಗೆ ಸೇರಬೇಕೆಂದು 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತಾವು ಪತ್ರಿಕೆಗಳಲ್ಲಿ ಓದಿರುವುದು ಬಹುಶಃ ಇಷ್ಟನ್ನೇ.

ಆದರೆ ಮರಾಠಿಯನ್ನು ಹೊರಗಿನಿಂದ ಬಂದು ಕೂತ ಭಾಷೆ ಎನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಸ್ವಾತಂತ್ರ್ಯ ಬರುವವರೆಗೂ ನಮ್ಮ ಶಹಾಪುರ ಸಾಂಗಲಿ ಸಂಸ್ಥಾನದ್ದಾಗಿತ್ತು. ಅದೇ ಸಾಂಗಲಿಯ ದೊರೆ, ಉತ್ತರ ಕನ್ನಡದಿಂದ ಬಂದ ಭಾಗವತರ ಮೇಳದ ಆಟ ಕಂಡು ಮೆಚ್ಚಿ, ಮರಾಠಿಯಲ್ಲೂ ಅಂಥದ್ದು ಬೇಕೆಂದು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ ನಾಟಕ ಆಡಿಸಿದರು. ಮುಂದೆ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇತ್ತ ಮರಾಠಿ ನಾಟಕ ಕಂಪನಿಗಳ ಅಬ್ಬರ ಕಂಡು ಹಟ ತೊಟ್ಟ ಶಾಂತಕವಿಗಳು ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ನಾವು ಕೊಟ್ಟದ್ದೇ ಬೇರೆ ವೇಷದಲ್ಲಿ ನಮ್ಮ ಮನೆಗೆ ಮರಳಿತೆನ್ನಿ. ನಮ್ಮ ತುಪ್ಪ ಅವರಲ್ಲಿ 'ತೂಪ್' ಆಗಿದೆ. ಅವರ 'ಚಳವಳ'ವನ್ನು ನಾವು ಚಳವಳಿ ಮಾಡಿಕೊಂಡು, ಕನ್ನಡದ ಹೋರಾಟಕ್ಕೂ ಅದೇ ಹೆಸರಿಟ್ಟಿದ್ದೇವೆ.

ಆದ್ದರಿಂದ ಕನ್ನಡದಲ್ಲಿಯೇ ಧೈರ್ಯವಾಗಿ ಮಾತನಾಡಿ. ಮನೆ ಮಾಲೀಕರು ಮರಾಠಿಗರಾದರೆ ಒಂದಿಷ್ಟು ಮರಾಠಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಅಂದ ಹಾಗೆ, ಮೊದಲ ತಿಂಗಳು ಪೇಟೆಯಲ್ಲಿ ಯಾರಾದರೂ ನಕ್ಕರೆ, ಅದು ತಮಗೆ ಮರಾಠಿ ಬಾರದ್ದಕ್ಕಲ್ಲ, ತಮ್ಮ ಮೈಸೂರು ಕನ್ನಡಕ್ಕೆ.