ಕೋಳಿಗೆ ಟಾನಿಕ್ ಕೇಳೋ ಮೊದಲು ಅದರ ತಟ್ಟೆ ನೋಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಮನೆಯಲ್ಲಿ ನಾಲ್ಕೈದು ಕೋಳಿ ಸಾಕುವವರು ಈಗ ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಪಶುವೈದ್ಯನಾದ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅವೇ, ಸುತ್ತಿ ಸುತ್ತಿ ಅವೇ. ಗೂಡು ಹೇಗಿರಬೇಕು, ನೀರು ಯಾವಾಗ ಬದಲಿಸಬೇಕು ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಗೂಡು ಒಣಗಿರಬೇಕು, ನೀರು ನೀವೂ ಕುಡಿಯುವಂತಿರಬೇಕು, ಅಷ್ಟೇ. ಉಳಿದದ್ದಕ್ಕೆ ಬರುತ್ತೇನೆ.

"ಟೆರೇಸ್ ಮೇಲೆ ಐದು ಕಂದು ಲೇಯರ್ ಕೋಳಿ ಸಾಕಿದೀವಿ ಸಾರ್. ಒಂದು ವರ್ಷದವು. ದಿನಕ್ಕೆ ನಾಲ್ಕು ಮೊಟ್ಟೆ ಗ್ಯಾರಂಟಿ ಇತ್ತು. ಯುಗಾದಿ ಆದಮೇಲೆ ಒಂದು ಸಿಕ್ಕರೆ ಹೆಚ್ಚು, ಅದೂ ಸಿಪ್ಪೆ ತೆಳ್ಳಗೆ. ಊಟಕ್ಕೇನೂ ಕಮ್ಮಿ ಮಾಡಿಲ್ಲ, ಮೆಕ್ಕೆಜೋಳ, ಉಳಿದ ಅನ್ನ, ಮಂಡಕ್ಕಿ ಹೊಟ್ಟೆ ತುಂಬ ಹಾಕ್ತೀವಿ. ಅಂಗಡಿಯವರು ಕೊಟ್ಟ ಟಾನಿಕ್ಕೂ ಮುಗೀತು. ಮೊಟ್ಟೆಗೆ ಯಾವ ಔಷಧಿ ಒಳ್ಳೇದು?" (ವಿದ್ಯಾನಗರ, ದಾವಣಗೆರೆ)

ಯಾವುದೂ ಬೇಡ. ಮೊಟ್ಟೆ ಬರಿಸುವ ಔಷಧಿ ಅಂತ ಒಂದು ಇಲ್ಲವೇ ಇಲ್ಲ. ಹಾಗಂತ ಹೇಳಿ ಮಾರುವವರು ಇದ್ದಾರೆ, ಅದು ಬೇರೆ ಮಾತು.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಮೆಕ್ಕೆಜೋಳ, ಅನ್ನ, ಮಂಡಕ್ಕಿ. ಹೆಸರು ಮೂರು, ಒಳಗಿರುವುದು ಹೆಚ್ಚುಕಮ್ಮಿ ಒಂದೇ, ಪಿಷ್ಟ. ನಮ್ಮ ಕಡೆ ಮೆಕ್ಕೆಜೋಳ ಸಲೀಸಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಸುರಿಯುತ್ತಾರೆ. ಮೆಕ್ಕೆಜೋಳ ಕೆಟ್ಟದ್ದೇನಲ್ಲ, ಕಂಪನಿ ಫೀಡಿನಲ್ಲೂ ಅರ್ಧದಷ್ಟು ಅದೇ ಇರುತ್ತದೆ. ಆದರೆ ಅದೊಂದನ್ನೇ ಕೊಟ್ಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಒಂದು ಲೇಯರ್ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಅಷ್ಟು ಮೆಕ್ಕೆಜೋಳದಲ್ಲಿ ಸಿಗುವ ಪ್ರೋಟೀನ್ 10 ಗ್ರಾಂ. ಒಂದು ಮೊಟ್ಟೆಯೊಳಗೇ 6 ಗ್ರಾಂ ಮೇಲೆ ಹೊರಟುಹೋಗುತ್ತದೆ, ಮಿಕ್ಕಿದ್ದರಲ್ಲಿ ಅದು ಬದುಕಬೇಕು, ಗರಿ ಬೆಳೆಸಬೇಕು. ದಿನಾ ಮೊಟ್ಟೆ ಇಡುವ ಕೋಳಿಗೆ 17 ಗ್ರಾಂ ಆದರೂ ಬೇಕು. ಕ್ಯಾಲ್ಸಿಯಂ ಕಥೆ ಇನ್ನೂ ಕಷ್ಟ. ಒಂದು ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಮೆಕ್ಕೆಜೋಳದಲ್ಲಿ ಅದು ಇಲ್ಲ ಅಂತಲೇ ಹೇಳಬೇಕು.

ಹಾಗಾದರೆ ಇಷ್ಟು ದಿನ ಹೇಗೆ ಇಟ್ಟವು ಅಂತ ನೀವು ಕೇಳಬಹುದು. ತನ್ನ ಎಲುಬು ಕರಗಿಸಿ ಇಟ್ಟವು. ಮೊಟ್ಟೆ ಕೋಳಿಯ ಕಾಲಿನ ಎಲುಬಿನೊಳಗೆ ಕ್ಯಾಲ್ಸಿಯಂ ದಾಸ್ತಾನು ಇರುತ್ತದೆ. ಸಿಪ್ಪೆ ಕಟ್ಟುವುದಕ್ಕೆ ಹತ್ತಿರ ಹತ್ತಿರ 20 ತಾಸು ಬೇಕು, ಅದರಲ್ಲಿ ಜಾಸ್ತಿ ಕೆಲಸ ಆಗೋದು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ಹೊಟ್ಟೆಯಲ್ಲಿ ಇಲ್ಲದಿದ್ದರೆ ಎಲುಬಿನಿಂದ ತೆಗೆಯುತ್ತದೆ. ದಾಸ್ತಾನು ಇಳಿದಂತೆ ಸಿಪ್ಪೆ ತೆಳ್ಳಗಾಗುತ್ತದೆ, ಆಮೇಲೆ ಮೊಟ್ಟೆ ನಿಲ್ಲುತ್ತದೆ, ಕೆಲವು ಕೋಳಿ ಕಾಲು ಸೋತು ಎದ್ದು ನಿಲ್ಲುವುದೇ ಇಲ್ಲ. ಆಗ ನಮ್ಮ ಹತ್ತಿರ ತಂದು 'ಪಾರ್ಶ್ವವಾಯು ಹೊಡೆದಿದೆ' ಅನ್ನುತ್ತಾರೆ.

ಇದರ ಮೇಲೆ ಬಿಸಿಲು ಬೇರೆ. ಯುಗಾದಿ ಕಳೆದಮೇಲೆ ಆರ್‌ಸಿಸಿ ತಾರಸಿ ಮಧ್ಯಾಹ್ನ ಹೇಗೆ ಕಾಯುತ್ತದೆ ಅಂತ ನಿಮ್ಮ ಅಂಗಾಲಿಗೇ ಗೊತ್ತು, ಅಲ್ವಾ? ಕೋಳಿಗೆ ಬೆವರು ಬರೋದಿಲ್ಲ. ಬಾಯಿ ಬಿಟ್ಟು ತೇಕಿ ತೇಕಿ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ತೇಕುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಸಿಪ್ಪೆ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಅರ್ಧ ಸಾಮಾನು ಹೀಗೆ ಬಾಯಿಂದಲೇ ಖಾಲಿಯಾಗುತ್ತದೆ. ಅದಕ್ಕೇ ಒಳ್ಳೇ ಫೀಡ್ ತಿನ್ನುವ ಕೋಳಿಯ ಮೊಟ್ಟೆ ಕೂಡ ಏಪ್ರಿಲ್, ಮೇನಲ್ಲಿ ತೆಳ್ಳಗೆ ಬರುತ್ತದೆ. ಜೊತೆಗೆ ಸೆಕೆಗೆ ಮೇವು ಬೇರೆ ಕಮ್ಮಿ ತಿನ್ನುತ್ತದೆ.

ಈಗ ಒಂದು ಕೆಲಸ ಮಾಡಿ. ಸಂಜೆ ಕೋಳಿಯನ್ನು ಕಂಕುಳಲ್ಲಿ ಹಿಡಿದು, ಬಾಲದ ಕೆಳಗೆ ಮೊಟ್ಟೆ ಬರುವ ಜಾಗದ ಎರಡೂ ಪಕ್ಕ ಚೂಪು ಎಲುಬು ಇರುತ್ತವೆ, ಅವುಗಳ ನಡುವೆ ಬೆರಳು ಅಡ್ಡ ಇಟ್ಟು ನೋಡಿ. ಎರಡು ಮೂರು ಬೆರಳು ಆರಾಮಾಗಿ ಹಿಡಿಸಿ, ಆ ಜಾಗ ಅಗಲವಾಗಿ, ಒದ್ದೆಯಾಗಿ, ಬಿಳುಚಿಕೊಂಡಿದ್ದರೆ ಆ ಕೋಳಿ ಇಡುತ್ತಿದೆ. ಅಂದರೆ ಮೊಟ್ಟೆ ಬೇರೆಲ್ಲೋ ಹೋಗುತ್ತಿದೆ, ನೀರಿನ ಟ್ಯಾಂಕಿನ ಹಿಂದೆ, ಹಳೇ ಸಾಮಾನಿನ ಸಂದಿಯಲ್ಲಿ ಹುಡುಕಿ, ಇಲ್ಲವೇ ಕಾಗೆ ಒಯ್ಯುತ್ತಿದೆ. ಒಂದು ಬೆರಳೂ ಹಿಡಿಸದೆ, ಒಣಗಿ ಹಳದಿಯಾಗಿದ್ದರೆ ನಿಲ್ಲಿಸಿದೆ. ಹೊಟ್ಟೆಯ ಕೆಳಗೆ ಕೊಬ್ಬು ದಪ್ಪಗೆ ಕೈಗೆ ಸಿಕ್ಕರೆ ಅದು ನಿಮ್ಮ ಮಂಡಕ್ಕಿ. ಕೊಬ್ಬಿದ ಕೋಳಿ ಮೊಟ್ಟೆ ಕಮ್ಮಿ ಇಡುತ್ತದೆ, ಸೆಕೆಗೆ ಮೊದಲು ಸಾಯೋದೂ ಅದೇ.

ಲೇಯರ್ ಮ್ಯಾಶ್ ಅಂತ ಮೊಟ್ಟೆ ಕೋಳಿಗೆಂದೇ ಮಾಡಿದ ಪುಡಿ ಮೇವು ಸಿಗುತ್ತದೆ, ಅದನ್ನು ತನ್ನಿ, ಕೋಳಿಗೆ 110 ಗ್ರಾಂನಂತೆ, ಬೆಳಿಗ್ಗೆ ಬಿಸಿಲೇರುವ ಮೊದಲು ಒಂದಿಷ್ಟು, ಸಂಜೆ ತಂಪಾದಮೇಲೆ ಉಳಿದದ್ದು. ಫೀಡ್ ಅಂಗಡಿಯಲ್ಲಿ ಶೆಲ್ ಗ್ರಿಟ್ ಅಂತ ಕಪ್ಪೆಚಿಪ್ಪಿನ ನುಚ್ಚು ಸಿಗುತ್ತದೆ, ಅದನ್ನು ಬೇರೆ ಬಟ್ಟಲಲ್ಲಿ ಇಡಿ, ಸಂಜೆ ಹೊತ್ತು ಎಷ್ಟು ಬೇಕೋ ಅಷ್ಟು ತಾವೇ ಹೆಕ್ಕಿಕೊಳ್ಳುತ್ತವೆ. ಎಲೆಗೆ ಹಚ್ಚುವ ಸುಣ್ಣ ನೀರಿಗೆ ಕಲಸಿ ಕೊಡಬೇಡಿ, ಬಾಯಿ ಗಂಟಲು ಸುಡುತ್ತದೆ. ಮನೆಯ ಮೊಟ್ಟೆ ಸಿಪ್ಪೆಯನ್ನು ಒಣಗಿಸಿ, ನುಣ್ಣಗೆ ಕುಟ್ಟಿ ಹಾಕಬಹುದು. ಹೋಳು ಹೋಳಾಗಿ ಹಾಕಿದರೆ ಗೂಡಿನ ಮೊಟ್ಟೆ ಕುಕ್ಕುವ ಚಟ ಕಲಿಯುತ್ತವೆ. ಮೆಕ್ಕೆಜೋಳ ಬೇಕಿದ್ದರೆ ಸಂಜೆ ಐದಕ್ಕೂ ಸೇರಿ ಒಂದು ಹಿಡಿ. ಶೇಂಗಾ ಹಿಂಡಿ ಪ್ರೋಟೀನಿಗೆ ಒಳ್ಳೇದೇ, ಆದರೆ ಮುಗ್ಗಲು ಹಿಡಿದದ್ದಾದರೆ ಅದರ ಶಿಲೀಂಧ್ರದ ವಿಷ ಕೋಳಿಯ ಪಿತ್ತಜನಕಾಂಗವನ್ನೇ ತಿಂದುಹಾಕುತ್ತದೆ. ಮಳೆಗೆ ನೆಂದ ಮೆಕ್ಕೆಜೋಳಕ್ಕೂ ಇದೇ ಮಾತು. 'ನಮಗೆ ಬೇಡದ್ದು ಕೋಳಿಗಿರಲಿ' ಅನ್ನೋದನ್ನ ಬಿಡಿ, ಆ ಮೊಟ್ಟೆ ತಿನ್ನೋರು ನೀವೇ ತಾನೆ. ಗೂಡಿನ ಮೇಲೆ ತೆಂಗಿನ ಗರಿ ಹೊದಿಸಿ, ಬಿಸಿಲು ಬೀಳುವ ಕಡೆ ಒದ್ದೆ ಗೋಣಿಚೀಲ ಇಳಿಬಿಡಿ, ಗಾಳಿಗೆ ಮಾತ್ರ ದಾರಿ ಇರಲಿ. ಎರಡು ಮೂರು ವಾರ ಕಾಯಿರಿ. ಮೂರನೇ ದಿನಕ್ಕೇ ಮತ್ತೆ ಪ್ರಶ್ನೆ ಕಳಿಸಬೇಡಿ.

ಗರಿ ಉದುರುತ್ತಿದ್ದರೆ ಮಾತು ಬೇರೆ. ಹಳೇ ಗರಿ ಬಿಟ್ಟು ಹೊಸದು ಹಾಕಿಕೊಳ್ಳುವ ಎರಡು ಮೂರು ತಿಂಗಳು ಯಾವ ಕೋಳಿಯೂ ಸರಿಯಾಗಿ ಇಡಲ್ಲ. ಸುಮ್ನೆ ಬಿಡಿ. 'ಮೊಟ್ಟೆ ಇಂಜೆಕ್ಷನ್' ಹಾಕ್ತೀನಿ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ಗೇಟ್ ತೆಗೆಯಬೇಡಿ.

"ನಾಟಿ ಕೋಳಿ ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತೆ. ನಮ್ಮ ಮಾವನವರು ನೀರಲ್ಲಿ ಮುಳುಗಿಸಿ, ಮೂಗಿಗೆ ಗರಿ ಚುಚ್ಚಿ ಅಂತಾರೆ. ಮಾಡಬಹುದಾ?" (ಹೊಳಲ್ಕೆರೆ)

ಬೇಡಮ್ಮ. ಮಾವನವರಿಗೆ ನನ್ನ ಹೆಸರು ಹೇಳಿಯೇ ಬೇಡ ಅನ್ನಿ. ತಳದಲ್ಲಿ ತಂತಿ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತರಕ್ಕಿಟ್ಟು, ಹುಲ್ಲು ಹಾಕದೆ, ಮೇವು ನೀರು ಕೊಟ್ಟು ಅದರಲ್ಲಿ ಮೂರು ನಾಲ್ಕು ದಿನ ಬಿಡಿ. ಕೆಳಗಿನಿಂದ ಹೊಟ್ಟೆಗೆ ಗಾಳಿ ಆಡಿದರೆ ಕಾವು ತಾನೇ ಇಳಿಯುತ್ತದೆ. ನಾಟಿ ಕೋಳಿ ವರ್ಷಕ್ಕೆ ಅರವತ್ತು ಎಂಬತ್ತು ಮೊಟ್ಟೆ ಇಡುವ ಜಾತಿ, ಕಾವಿಗೆ ಕೂರುವುದು ಅದರ ಗುಣ. ಮೊಟ್ಟೆಯೇ ಮುಖ್ಯ ಅನ್ನುವುದಾದರೆ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ತೆಗೆದ ಗಿರಿರಾಜ ಅಥವಾ ಸ್ವರ್ಣಧಾರ ತಳಿ ತನ್ನಿ.

"ಕೋಳಿಗಳು ಹಸಿರು ಬೇದಿ ಹಾಕಿ, ಕತ್ತು ತಿರುಚಿಕೊಂಡು ಸಾಯ್ತಿವೆ. ಮೆಡಿಕಲ್‌ನಲ್ಲಿ ಕ್ಯಾಪ್ಸೂಲ್ ಕೊಟ್ಟರು, ಹೊಟ್ಟೆಗೆ ಬರೆ ಹಾಕಿದ್ವಿ, ಬೆಳ್ಳುಳ್ಳಿ ಕೊಟ್ವಿ." (ಚಳ್ಳಕೆರೆ ತಾಲ್ಲೂಕು)

ನೀವು ಹೇಳುವುದು ಕೊಕ್ಕರೆ ರೋಗದ ಲಕ್ಷಣ. ಅದು ವೈರಸ್, ಆ್ಯಂಟಿಬಯಾಟಿಕ್ ಕ್ಯಾಪ್ಸೂಲಿಗೆ ಜಗ್ಗಲ್ಲ. ಬರೆ ಹಾಕಿದ್ದು ಸಾಯುವ ಜೀವಕ್ಕೆ ಇನ್ನೊಂದು ಹಿಂಸೆ, ಅಷ್ಟೇ. ಸತ್ತವನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿಗೆ ಎಸೆಯಬೇಡಿ, ಉಳಿದವನ್ನು ಸಂತೆಗೆ ಒಯ್ಯಬೇಡಿ, ಪಶು ಆಸ್ಪತ್ರೆಗೆ ಇವತ್ತೇ ತಿಳಿಸಿ. ಯಾಕೆಂದರೆ ಹಕ್ಕಿಜ್ವರದಲ್ಲೂ ಹೀಗೆ ರಾಶಿ ಸಾವು ಆಗುತ್ತದೆ. 2020ರ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೇ ಅದು ಕಾಣಿಸಿಕೊಂಡಿತ್ತು.

ಕೊಕ್ಕರೆ ರೋಗಕ್ಕೆ ಇರೋದು ಲಸಿಕೆ ಮಾತ್ರ. ಮರಿಗೆ ಮೊದಲ ವಾರ ಕಣ್ಣಿಗೆ ಹನಿ, ನಾಲ್ಕನೇ ವಾರಕ್ಕೆ ಇನ್ನೊಂದು, ಎಂಟು ವಾರ ಆದಮೇಲೆ ಆರ್2ಬಿ ಅನ್ನುವ ಲಸಿಕೆಯ ಇಂಜೆಕ್ಷನ್. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಲ್ಲಿ ಮುಗಿಸಬೇಕು. ಹಾಗಾಗಿ ಐದು ಕೋಳಿ ಹಿಡಿದು ಒಬ್ಬರೇ ಬರಬೇಡಿ. ಬೀದಿಯವರೆಲ್ಲ ಮಾತಾಡಿಕೊಂಡು ಒಂದೇ ದಿನ ಹಾಕಿಸಿ.

ಉಳಿದವಕ್ಕೆ ಒಂದೊಂದು ಸಾಲು.

ಹುಂಜ ಇಲ್ಲದೆ ಮೊಟ್ಟೆ ಬರುತ್ತಾ? ಬರುತ್ತದೆ. ಮರಿ ಬರಲ್ಲ. ಪಕ್ಕದ ಮನೆಯವರ ನಿದ್ದೆ ಕೆಡಿಸಬೇಡಿ.

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಟೆ? ಸುಳ್ಳು.

ಕಂದು ಮೊಟ್ಟೆಗೆ ಶಕ್ತಿ ಜಾಸ್ತಿಯಾ? ಇಲ್ಲ. ಬೆಲೆ ಜಾಸ್ತಿ.

ಹಕ್ಕಿಜ್ವರದ ಸುದ್ದಿ ಬಂದರೆ ಮೊಟ್ಟೆ ಬಿಡಬೇಕಾ? ಪೂರ್ತಿ ಬೇಯಿಸಿ ತಿನ್ನಿ. ಹಸಿ ಮೊಟ್ಟೆ ಕುಡಿಯೋದನ್ನ ಯಾವ ಕಾಲದಲ್ಲೂ ಬಿಡಿ.

ಸೈಕಲ್ ಮೇಲೆ ಬರುವ ಗುಲಾಬಿ, ಹಸಿರು ಬಣ್ಣದ ಮರಿ ಮೊಟ್ಟೆ ಇಡುತ್ತಾ? ಅವು ಹೆಚ್ಚಾಗಿ ಲೇಯರ್ ಹ್ಯಾಚರಿಯವರು ಬೇಡ ಅಂತ ಬಿಟ್ಟ ಗಂಡು ಮರಿ. ಮಕ್ಕಳು ಅತ್ತರೂ ತಗೋಬೇಡಿ.

"ಗೂಡಿಗೆ ಹಾವು ಬಂದು ಮೊಟ್ಟೆ ತಿನ್ನುತ್ತೆ. ಬೆಳ್ಳುಳ್ಳಿ ಜಜ್ಜಿ ಕಟ್ಟಿದರೆ ಬರಲ್ಲ ಅಂತಾರೆ, ನಿಜಾನಾ?" (ಹಿರಿಯೂರು)

ಬೆಳ್ಳುಳ್ಳಿ ಸಾರಿಗಿರಲಿ. ಚೆಲ್ಲಿದ ಮೇವಿಗೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು. ರಾತ್ರಿ ಮೇವಿನ ತಟ್ಟೆ ಒಳಗೆ ತಗೊಳ್ಳಿ, ಗೂಡಿನ ಸುತ್ತ ಅರ್ಧ ಇಂಚಿನ ಜಾಲರಿ ಬಿಗಿಯಿರಿ, ಕತ್ತಲಾಗುವ ಮೊದಲೇ ಮೊಟ್ಟೆ ತೆಗೆಯಿರಿ. ಬ್ಯಾಟರಿ ಬಿಡದೆ ಗೂಡಿಗೆ ಕೈ ಹಾಕಬೇಡಿ, ಮಕ್ಕಳನ್ನಂತೂ ಕಳಿಸಲೇಬೇಡಿ. ಹಾವು ಕಂಡರೆ ದೂರ ನಿಂತು ಹಿಡಿಯುವವರನ್ನು ಕರೆಸಿ. ಅದು ಆಗಲೇ ನುಂಗಿದ ಮೊಟ್ಟೆಗಾಗಿ ಕೋಲು ಹಿಡಿದು ಮುಂದೆ ಹೋಗಬೇಡಿ.