ಕಂಪಾಲಾದಲ್ಲಿ ಮಿಕ್ಸಿ ಬೆಂಗಳೂರಿಗಿಂತ ದುಬಾರಿ ಏಕೆ? ನಾವೇ ತರಿಸಿ ಮಾರಬಹುದೇ?

ಬಡ ದೇಶವೆಂದ ಮೇಲೆ ಎಲ್ಲವೂ ಅಗ್ಗವಾಗಿರಬೇಕು, ಹಾಗಿರದಿದ್ದರೆ ನಡುವೆ ಯಾರೋ ಸುಲಿಯುತ್ತಿದ್ದಾರೆ, ಆದ್ದರಿಂದ ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬೆಂಗಳೂರಿನಿಂದ ಮಿಕ್ಸಿ, ಕುಕ್ಕರ್‌ಗಳನ್ನು ತರಿಸಿ ಮಾರಿದರೆ ಹೇಗೆ ಎಂದು ಕೇಳಿದ್ದೀರಿ. ಇದೇ ವಾದವನ್ನು 2015ರಲ್ಲಿ ನಾನೂ ನನ್ನೊಳಗೆ ಹೂಡಿದ್ದೆ, ಹೂಡಿದ್ದಷ್ಟೇ ಅಲ್ಲ, ಒಂದು ಕಂಟೇನರ್ ಸರಕನ್ನು ತರಿಸಿಯೂ ಬಿಟ್ಟಿದ್ದೆ. ಆಗ ನಾನು ಅಲ್ಲಿನ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಲೆಕ್ಕ ಬರೆಯುವುದನ್ನೇ ಕಸುಬು ಮಾಡಿಕೊಂಡವನು ಲೆಕ್ಕದಲ್ಲೇ ಎಡವಿದ್ದು ಹೇಗೆಂಬುದನ್ನು ಸ್ವಲ್ಪ ದೀರ್ಘವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಕಂಪಾಲಾದ ಬೀದಿಬದಿಯಲ್ಲಿ ಚಪಾತಿಯೊಳಗೆ ಆಮ್ಲೆಟ್ ಸುತ್ತಿ ಕೊಡುತ್ತಾರೆ, ಅದಕ್ಕೆ ರೋಲೆಕ್ಸ್ ಎಂದು ಹೆಸರು. ಬೆಳಿಗ್ಗೆ ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ, ಬೆಲೆಯೂ ನಮ್ಮ ದರ್ಶಿನಿಯ ಮಸಾಲೆದೋಸೆಗಿಂತ ಕಡಿಮೆ. ಅದೇ ಬೀದಿಯ ಅಂಗಡಿಯಲ್ಲಿ, ಭಾರತದಲ್ಲೇ ತಯಾರಾದ ಮಿಕ್ಸಿಗೆ ಚಿಕ್ಕಪೇಟೆಯ ಬೆಲೆಯ ಹತ್ತಿರಹತ್ತಿರ ಎರಡು ಪಟ್ಟು ಕೇಳಿದರು. ತಿಂಡಿ ಇಷ್ಟು ಅಗ್ಗವಾಗಿರುವ ಊರಿನಲ್ಲಿ ಮಿಕ್ಸಿ ಇಷ್ಟು ದುಬಾರಿಯೆಂದರೆ ಅದು ವ್ಯಾಪಾರಿಯ ಹೊಟ್ಟೆಬಾಕತನವೇ ಸರಿ ಎಂದು ನಾನು ಆ ಕ್ಷಣವೇ ತೀರ್ಪು ಕೊಟ್ಟೆ. ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರನ್ನು ಪಾಲುದಾರರನ್ನಾಗಿ ಮಾಡಿಕೊಂಡು, ಇಬ್ಬರ ಉಳಿತಾಯವನ್ನೂ ಸುರಿದು, ಇಪ್ಪತ್ತು ಅಡಿಯ ಕಂಟೇನರ್ ತುಂಬ ಮಿಕ್ಸಿ, ಪ್ರೆಷರ್ ಕುಕ್ಕರ್, ಇಡ್ಲಿ ಪಾತ್ರೆಗಳಿಗೆ ಆರ್ಡರ್ ಕೊಟ್ಟೆವು. ಕಿಕೂಬೊ ಎಂಬ ಸಗಟು ಪೇಟೆಯಲ್ಲಿ ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಹಿರಿಯ ಗುಜರಾತಿ ವ್ಯಾಪಾರಿಯೊಬ್ಬರು ನಮ್ಮ ಲೆಕ್ಕದ ಹಾಳೆಯನ್ನು ನೋಡಿ, "ಮೊಂಬಾಸಾದಲ್ಲೇ ಅಂಗಡಿ ತೆರೆಯುತ್ತೀರೇನು?" ಎಂದು ಕೇಳಿದರು. ಸ್ಪರ್ಧೆಗೆ ಹೆದರಿ ಚುಚ್ಚುತ್ತಿದ್ದಾರೆಂದು ನಾವು ನಕ್ಕು ಬಂದೆವು.

ಅವರು ಚುಚ್ಚಿರಲಿಲ್ಲ, ಹಾಳೆಯಲ್ಲಿದ್ದ ತಪ್ಪನ್ನೇ ಓದಿ ಹೇಳಿದ್ದರು. ಸರಬರಾಜುದಾರರು ಕಳಿಸಿದ ದರಪಟ್ಟಿಯಲ್ಲಿ ‘ಸಿಐಎಫ್ ಮೊಂಬಾಸಾ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಸಿಐಎಫ್ ಎಂದರೆ ಸರಕಿನ ಬೆಲೆ, ವಿಮೆ ಮತ್ತು ಹಡಗಿನ ಬಾಡಿಗೆ ಮೂರೂ ಸೇರಿದ ದರ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು, ಆದರೆ ಸಾಗಣೆ ಸೇರಿದೆಯೆಂಬ ಸಮಾಧಾನದಲ್ಲಿ ಎಲ್ಲಿಯವರೆಗಿನ ಸಾಗಣೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಉಗಾಂಡಾಕ್ಕೆ ಸಮುದ್ರವಿಲ್ಲ. ಕೀನ್ಯಾದ ಮೊಂಬಾಸಾ ಬಂದರಿನಿಂದ ಕಂಪಾಲಾಕ್ಕೆ ರಸ್ತೆಯಲ್ಲಿ ಸುಮಾರು 1,150 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಮುಂಬೈಗಿಂತ ಹೆಚ್ಚು ದೂರ, ನಡುವೆ ಒಂದು ದೇಶದ ಗಡಿ ಬೇರೆ. ನಮ್ಮ ಹಾಳೆಯಲ್ಲಿ ಈ ದಾರಿಗೆ ‘ಸ್ಥಳೀಯ ಸಾಗಣೆ’ ಎಂಬ ಒಂದೇ ಸಾಲಿತ್ತು, ಅದಕ್ಕೆ ನಾನು ಹಾಕಿದ್ದ ಮೊತ್ತ ಯಶವಂತಪುರದಿಂದ ಜಯನಗರಕ್ಕೆ ಸಾಮಾನು ಸಾಗಿಸುವವರ ಅಂದಾಜಿನಂತಿತ್ತು. ಕೊನೆಗೆ ಲಾರಿಗೆ ತೆತ್ತದ್ದು ಅರಬ್ಬೀ ಸಮುದ್ರ ದಾಟಿಸಿದ ಹಡಗಿನ ಬಾಡಿಗೆಗಿಂತ ಹೆಚ್ಚು. ಇದು ನಮ್ಮೊಬ್ಬರ ದುರದೃಷ್ಟವೇನಲ್ಲ. ಉಗಾಂಡಾ ತರಿಸಿಕೊಳ್ಳುವ ಸರಕಿನ ತೂಕದ ಮುಂದೆ ಅದು ಹೊರಗೆ ಕಳಿಸುವ ಕಾಫಿ, ಚಹಾ, ಮೀನುಗಳ ತೂಕ ಬಹಳ ಕಡಿಮೆ, ಹಾಗಾಗಿ ತುಂಬಿಕೊಂಡು ಬರುವ ಲಾರಿಗಳಲ್ಲಿ ಬಹುಪಾಲು ಖಾಲಿ ಹಿಂದಿರುಗುತ್ತವೆ, ಆ ಖಾಲಿ ದಾರಿಯ ಡೀಸೆಲ್ಲನ್ನೂ ಚಾಲಕನ ಭತ್ಯೆಯನ್ನೂ ಒಳಗೆ ಬಂದ ಸರಕೇ ಹೊರಬೇಕು. ಕಂಟೇನರ್ ಪೆಟ್ಟಿಗೆಯೂ ಹಡಗಿನ ಕಂಪನಿಯದೇ ಆದ್ದರಿಂದ ಅದಕ್ಕೆ ಠೇವಣಿ ಇಟ್ಟು, ಗೊತ್ತುಪಡಿಸಿದ ದಿನದೊಳಗೆ ಖಾಲಿ ಪೆಟ್ಟಿಗೆಯನ್ನು ಮತ್ತೆ ಮೊಂಬಾಸಾಕ್ಕೆ ಮುಟ್ಟಿಸಬೇಕು, ತಡವಾದರೆ ದಿನದ ಲೆಕ್ಕದಲ್ಲಿ ಡಾಲರ್ ಕಟ್ಟಬೇಕು.

ಅದೇ ತಪ್ಪಿನಿಂದ ಹುಟ್ಟಿದ ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಸರಕು ಕಂಪಾಲಾಕ್ಕೆ ಬಂದ ಮೇಲೆ ತೆರಿಗೆ ಕಟ್ಟುವುದು, ಅಷ್ಟರಲ್ಲಿ ಅಂಗಡಿಗಳವರಿಂದ ಮುಂಗಡ ಸಂಗ್ರಹಿಸುವುದು ಎಂದು ನಾವು ಯೋಜಿಸಿದ್ದೆವು. ಆದರೆ ಪೂರ್ವ ಆಫ್ರಿಕಾದ ದೇಶಗಳು 2014ರಿಂದ ಏಕ ಸುಂಕ ವಲಯದ ವ್ಯವಸ್ಥೆಯನ್ನು ಜಾರಿಗೆ ತಂದಿದ್ದವು, ಅದರ ಪ್ರಕಾರ ಉಗಾಂಡಾದ ತೆರಿಗೆಯನ್ನು ಸರಕು ಮೊಂಬಾಸಾ ಬಿಡುವ ಮೊದಲೇ ಕಟ್ಟಬೇಕು. ಗಡಿಯಲ್ಲಿ ವಾರಗಟ್ಟಲೆ ಲಾರಿಗಳು ನಿಲ್ಲುವುದನ್ನು ತಪ್ಪಿಸಲು ಮಾಡಿದ ಒಳ್ಳೆಯ ಸುಧಾರಣೆಯೇ ಅದು, ಕೈಯಲ್ಲಿ ಹಣವಿಲ್ಲದವರಿಗೆ ಮಾತ್ರ ಬಂದರಿನಲ್ಲೇ ಬಾಗಿಲು ಹಾಕಿದಂತೆ. ನಾವು ಹಣ ಹೊಂದಿಸುವವರೆಗೆ ಕಂಟೇನರ್ ಬಂದರಿನಲ್ಲೇ ಉಳಿಯಿತು. ಮಿಕ್ಸಿ ಒಂದು ದಿನವೂ ತಿರುಗದೆ ಕುಳಿತಿತ್ತು, ಡೆಮರೇಜ್ ಎಂಬ ತಡದ ದಂಡದ ಮೀಟರು ಮಾತ್ರ ತಿರುಗುತ್ತಲೇ ಇತ್ತು.

ಈಗ ತೆರಿಗೆಯ ಲೆಕ್ಕಕ್ಕೆ ಬನ್ನಿ, ಏಕೆಂದರೆ ಸುಲಿಗೆ ಎಂದು ನಾವು ಕರೆಯುವುದರ ದೊಡ್ಡ ಪಾಲು ಇಲ್ಲಿದೆ. ಉಗಾಂಡಾ, ಕೀನ್ಯಾ ಮೊದಲಾದ ದೇಶಗಳ ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ಸಮಾನ ಸುಂಕದಲ್ಲಿ ಆಗ ಮೂರು ಹಂತಗಳಿದ್ದವು: ಕಚ್ಚಾ ವಸ್ತುಗಳಿಗೆ ಸೊನ್ನೆ, ಅರೆಸಿದ್ಧ ವಸ್ತುಗಳಿಗೆ ಶೇಕಡಾ 10, ಸಿದ್ಧವಸ್ತುಗಳಿಗೆ ಶೇಕಡಾ 25. 2022ರ ಜುಲೈನಿಂದ ಕೆಲವು ಸಿದ್ಧವಸ್ತುಗಳಿಗೆ ಶೇಕಡಾ 35ರ ನಾಲ್ಕನೆಯ ಹಂತವೂ ಸೇರಿದೆ. ಮೊಂಬಾಸಾ ಮುಟ್ಟುವಾಗ 100 ರೂಪಾಯಿ ಬೆಲೆಯ, ಶೇಕಡಾ 25ರ ಹಂತದ ಸಿದ್ಧವಸ್ತುವೊಂದಿದೆ ಎಂದುಕೊಳ್ಳಿ. ಅದಕ್ಕೆ ಸುಂಕ 25. ವ್ಯಾಟ್ ಶೇಕಡಾ 18, ಅದು 100ರ ಮೇಲಲ್ಲ, ಸುಂಕವೂ ಸೇರಿದ 125ರ ಮೇಲೆ, ಅಂದರೆ 22.50. ಮೂಲಸೌಕರ್ಯ ಲೆವಿ ಒಂದೂವರೆ, ಮುಂದೆ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದರೂ ಈಗಲೇ ಕಟ್ಟಬೇಕಾದ ತಡೆಹಿಡಿತದ ತೆರಿಗೆ 6. ಒಟ್ಟು 155. ಲಾರಿ, ಬಂದರಿನ ಶುಲ್ಕ, ಸುಂಕದ ಕಾಗದಪತ್ರ ಮಾಡಿಸುವ ಕ್ಲಿಯರಿಂಗ್ ಏಜೆಂಟರ ಕೂಲಿ, ಗೋದಾಮು, ಅಂಗಡಿಯ ಬಾಡಿಗೆ, ಮಾರುವವನ ಲಾಭ ಇವು ಯಾವುವೂ ಇನ್ನೂ ಸೇರಿಲ್ಲ. ಸರ್ಕಾರವನ್ನು ಬೈಯುವುದು ಸುಲಭ, ಆದರೆ ಬಹುಪಾಲು ಜನ ಸಂಬಳದ ಚೀಟಿಯಿಲ್ಲದೆ ದುಡಿಯುವ ದೇಶದಲ್ಲಿ ಆದಾಯ ತೆರಿಗೆ ಹೆಚ್ಚು ಹುಟ್ಟುವುದಿಲ್ಲ, ಗಡಿ ದಾಟಿ ಬರುವ ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸುವುದೇ ವಸೂಲಿಯ ಸುಲಭ ದಾರಿ.

ಇದರ ಮೇಲೆ ಹಣದ ಬೆಲೆ. 2015ರ ಆರಂಭದಲ್ಲಿ ಒಂದು ಡಾಲರಿಗೆ 2,800ರ ಆಸುಪಾಸಿನಲ್ಲಿದ್ದ ಉಗಾಂಡಾ ಶಿಲ್ಲಿಂಗ್ ಸೆಪ್ಟೆಂಬರ್ ಹೊತ್ತಿಗೆ 3,600ನ್ನು ದಾಟಿತು, ನಾವು ಡಾಲರಿನಲ್ಲಿ ಕೊಂಡು ಶಿಲ್ಲಿಂಗಿನಲ್ಲಿ ಮಾರುವವರು. ಅಕ್ಟೋಬರಿನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ತನ್ನ ಬಡ್ಡಿದರವನ್ನು ಶೇಕಡಾ 17ಕ್ಕೆ ಏರಿಸಿತು, ವ್ಯಾಪಾರಿಗೆ ಬ್ಯಾಂಕಿನಲ್ಲಿ ಸಿಗುವ ಸಾಲದ ಬಡ್ಡಿ 20ರ ಮೇಲೆಯೇ ಇತ್ತು. ಕೊಂಡ ದಿನದಿಂದ ಮಾರುವ ದಿನದವರೆಗೆ ತಿಂಗಳುಗಟ್ಟಲೆ ಹಣ ಸಿಕ್ಕಿಕೊಂಡಿರುವ ವ್ಯಾಪಾರದಲ್ಲಿ ಈ ಬಡ್ಡಿಯನ್ನು ಮಿಕ್ಸಿಯ ಬೆಲೆಗೆ ಸೇರಿಸದೆ ಬೇರೆಲ್ಲಿಗೆ ಸೇರಿಸಬೇಕು?

ನಮ್ಮ ಮಿಕ್ಸಿಗಳ ವೈರಿನ ತುದಿಯಲ್ಲಿ ನಮ್ಮೂರಿನ ದುಂಡು ಪಿನ್ನುಗಳಿದ್ದವು, ಉಗಾಂಡಾದ ಗೋಡೆಗಳಲ್ಲಿರುವುದು ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನ ಸಾಕೆಟ್ಟು. ಭಾನುವಾರಗಳಲ್ಲಿ ಬಾಡಿಗೆ ಗೋದಾಮಿನ ನೆಲದ ಮೇಲೆ ಕುಳಿತು ಪಾಲುದಾರರು ಹಳೆಯ ಪ್ಲಗ್ಗುಗಳನ್ನು ಕತ್ತರಿಸುತ್ತಿದ್ದರು, ನಾನು ಹೊಸದರೊಳಗೆ ವೈರು ಸಿಕ್ಕಿಸಿ ಸ್ಕ್ರೂ ಬಿಗಿಯುತ್ತಿದ್ದೆ. ಲಕ್ಷಗಟ್ಟಲೆ ಮಿಕ್ಸಿ ಕಳಿಸುವ ಕಂಪನಿಗೆ ಆ ದೇಶಕ್ಕೆಂದೇ ಬೇರೆ ಪ್ಲಗ್ ಹಾಕಿಸುವುದು ಲೆಕ್ಕಕ್ಕೇ ಬರದ ಖರ್ಚು, ನಮ್ಮಂತಹ ಚಿಕ್ಕ ಪ್ರಮಾಣದವರಿಗೆ ಅದೂ ಒಂದು ಖರ್ಚೇ. ದುಬಾರಿಯ ಗುಟ್ಟಿನಲ್ಲಿ ಇನ್ನೊಂದು ಪಾಲು ಇದೇ: ಹೊಸ ಮಿಕ್ಸಿ, ಹೊಸ ಫ್ರಿಜ್ ಕೊಳ್ಳುವ ಶಕ್ತಿಯಿರುವವರು ಅಲ್ಲಿ ಕೆಲವರೇ, ಆ ಕೆಲವರ ಮೇಲೆಯೇ ಅಂಗಡಿಯ ಬಾಡಿಗೆ, ಬಿಡಿಭಾಗಗಳ ದಾಸ್ತಾನು, ರಿಪೇರಿಯವನ ಸಂಬಳ ಎಲ್ಲವೂ ಹಂಚಿಕೆಯಾಗಬೇಕು. ಉಳಿದವರು ಹೊಸದನ್ನು ಕೊಳ್ಳುವುದೇ ಇಲ್ಲ. ಅವರು ಓವಿನೊ ಮಾರುಕಟ್ಟೆಯಲ್ಲಿ ಮಿವುಂಬಾ ಎನ್ನುವ ಹಳೆಯ ಬಟ್ಟೆ ಆರಿಸುತ್ತಾರೆ, ಜಪಾನಿನಲ್ಲಿ ಓಡಿ ಮುಗಿಸಿದ ಕಾರು ಕೊಳ್ಳುತ್ತಾರೆ.

ಹಾಗಾದರೆ ರೋಲೆಕ್ಸ್ ಏಕೆ ಅಗ್ಗ? ಅದರ ಬೆಲೆಯ ದೊಡ್ಡ ಪಾಲು ಮನುಷ್ಯನ ಕೂಲಿ ಮತ್ತು ಊರಿನ ಮೊಟ್ಟೆ. ಬಡ ದೇಶದಲ್ಲಿ ಅಗ್ಗವಾಗಿರುವುದು ಕೂಲಿ, ಆದ್ದರಿಂದ ಕೂಲಿಯೇ ಪ್ರಧಾನವಾಗಿರುವ ಕ್ಷೌರ, ಮನೆಗೆಲಸ, ದುರಸ್ತಿ, ಬೀದಿಯ ತಿಂಡಿ ಅಗ್ಗ. ಇದನ್ನು ಬಾಲಾಸಾ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲೇ ಬಿಡಿಬಿಡಿಯಾಗಿ ವಿವರಿಸಿದ್ದಾರೆ. ಮಿಕ್ಸಿಯ ಮೋಟಾರಿನ ತಾಮ್ರಕ್ಕೆ ಕೊಳ್ಳುವವನ ಬಡತನ ಗೊತ್ತಾಗುವುದಿಲ್ಲ, ಅದರ ಬೆಲೆ ಜಗತ್ತಿಗೆಲ್ಲ ಒಂದೇ. ಆದ್ದರಿಂದ ‘ಬಡ ದೇಶದಲ್ಲಿ ವಸ್ತು ಅಗ್ಗವಿರಬೇಕು’ ಎಂಬ ನಿಮ್ಮ ಪ್ರಶ್ನೆಯ ಅಡಿಪಾಯವನ್ನೇ ನಾನು ಒಪ್ಪುವುದಿಲ್ಲ. ಬೆಂಗಳೂರನ್ನು ಅಳತೆಗೋಲಾಗಿ ಹಿಡಿಯುವುದೂ ಸರಿಯಲ್ಲ. ನೂರು ಕೋಟಿಗೂ ಮೀರಿದ ಕೊಳ್ಳುಗರು, ಸ್ವಂತ ಬಂದರುಗಳು, ಕೊಯಮತ್ತೂರಿನಂತಹ ಮೋಟಾರು ತಯಾರಿಕೆಯ ಊರುಗಳು ಇರುವ ಭಾರತವೇ ಇಲ್ಲಿ ಅಪವಾದ.

ಸುಲಿಗೆಯ ಆರೋಪಕ್ಕೆ ಆ ನೆಲದಲ್ಲಿ ಒಂದು ಇತಿಹಾಸವಿದೆ ಎಂಬುದನ್ನೂ ನೆನಪಿನಲ್ಲಿಡಿ. 1972ರ ಆಗಸ್ಟಿನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್, ಅಲ್ಲಿನ ವ್ಯಾಪಾರದಲ್ಲಿದ್ದ, ಬಹುಪಾಲು ಭಾರತ ಮೂಲದ ಏಷ್ಯನ್ನರು ದೇಶವನ್ನು ದೋಚುತ್ತಿದ್ದಾರೆಂದು ದೂರಿ, ಅವರಿಗೆ 90 ದಿನಗಳಲ್ಲಿ ಹೊರಡಲು ಆಜ್ಞೆ ಮಾಡಿದ. ಅವರ ಅಂಗಡಿಗಳು ಅಮೀನನಿಗೆ ಬೇಕಾದವರ ಪಾಲಾದವು, ಆದರೆ ಬೆಲೆ ಇಳಿಯಲಿಲ್ಲ. ಉಪ್ಪು, ಸಕ್ಕರೆ, ಸಾಬೂನು ಕೂಡ ಸಿಗದಂತಾಗಿ ಮಗೆಂಡೊ ಎಂಬ ಕಾಳಸಂತೆ ಬೆಳೆಯಿತು. ಲಾಭಬಡುಕರು ಅಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ, ಇದ್ದಾರೆ. ಆದರೆ ಬಹುಮಟ್ಟಿಗೆ ಒಂದೇ ರಸ್ತೆಯನ್ನು ನಂಬಿಕೊಂಡ ದೇಶದಲ್ಲಿ ಬೆಲೆ ಏರಿಸಲು ಅವರ ನೆರವೇ ಬೇಕಿಲ್ಲ. 2008ರ ಜನವರಿಯಲ್ಲಿ ಕೀನ್ಯಾದ ಚುನಾವಣೆಯ ಗಲಭೆಯಿಂದ ದಾರಿ ಕಟ್ಟಿಹೋದಾಗ ಕಂಪಾಲಾದಲ್ಲಿ ಪೆಟ್ರೋಲಿಗೆ ಹಾಹಾಕಾರವಾಯಿತು, 2022ರ ಜನವರಿಯಲ್ಲಿ ಗಡಿಯ ಕೋವಿಡ್ ಪರೀಕ್ಷೆಯನ್ನು ವಿರೋಧಿಸಿ ಲಾರಿ ಚಾಲಕರು ನಿಂತಾಗಲೂ ಅದೇ ಆಯಿತು.

ನಮ್ಮ ಸರಕು ಕೊನೆಗೆ ಕಾಕಾ ಅವರ ಗೋದಾಮಿಗೇ ಹೋಯಿತು, ನಷ್ಟದ ಬೆಲೆಗೆ. ಅವರು ತಿಂಗಳಿಗೆ ಹಲವು ಕಂಟೇನರ್ ತರಿಸುವವರು, ಅವರ ಲಾರಿಯವರು, ಏಜೆಂಟರು, ಬ್ಯಾಂಕಿನವರು ಎಲ್ಲರೂ ಕಾಯಂ. ನಾವು ದುರಾಸೆಯೆಂದು ತಿಳಿದಿದ್ದ ಅವರ ಬೆಲೆಗೆ ನಾವು ಮಾರಿದ್ದರೂ ಗೆಲ್ಲುತ್ತಿರಲಿಲ್ಲ.

ಆದ್ದರಿಂದ ವ್ಯಾಪಾರದ ಯೋಚನೆಯನ್ನು ಬಿಡಿ. ಹೋಗುವಾಗ ಸೂಟ್‌ಕೇಸಿನಲ್ಲಿ ಮನೆಗೊಂದು ಮಿಕ್ಸಿ, ಒಂದು ಹೆಚ್ಚುವರಿ ಜಾರ್, ಕುಕ್ಕರಿನ ಎರಡು ಗ್ಯಾಸ್ಕೆಟ್ ಇಟ್ಟುಕೊಳ್ಳಿ, ವೋಲ್ಟೇಜು ನಮ್ಮದೇ ಆದ್ದರಿಂದ ಪ್ಲಗ್ಗನ್ನಷ್ಟೇ ಅಲ್ಲಿ ಬದಲಾಯಿಸಿಕೊಂಡರೆ ಸಾಕು. ಫ್ರಿಜ್ಜನ್ನೂ ವಾಷಿಂಗ್ ಮಶೀನನ್ನೂ ಹೊಸದಾಗಿ ಕೊಳ್ಳಬೇಡಿ. ಒಪ್ಪಂದ ಮುಗಿಸಿ ದೇಶ ಬಿಡುವ ಭಾರತೀಯರು, ವಿದೇಶಿ ಸಂಸ್ಥೆಗಳ ನೌಕರರು ತಮ್ಮ ಸಾಮಾನನ್ನು ಸದಾ ಮಾರುತ್ತಲೇ ಇರುತ್ತಾರೆ, ಭಾರತೀಯರ ವಾಟ್ಸಾಪ್ ಗುಂಪುಗಳಲ್ಲಿ ವಿಚಾರಿಸಿ. ಕೊಳ್ಳುವ ಮೊದಲು ಫ್ರಿಜ್ಜನ್ನು ಮಾರುವವರ ಮನೆಯಲ್ಲೇ ಕೆಲವು ಗಂಟೆ ಓಡಿಸಿ ನೋಡಿ, ಸ್ಟೆಬಿಲೈಜರ್ ಇದ್ದರೆ ಅದನ್ನೂ ಸೇರಿಸಿಯೇ ಬೆಲೆ ಮಾತಾಡಿ, ಡಾಲರ್ ಕೇಳಿದರೆ ಶಿಲ್ಲಿಂಗಿನಲ್ಲೇ ಕೊಡುತ್ತೇನೆ ಎನ್ನಿ, ಹೊರಡುವ ವಾರದಲ್ಲಿ ಹೆಚ್ಚಿನವರು ಒಪ್ಪುತ್ತಾರೆ.