ಆರೂವರೆ ಮೀಟರಿನ ದೋಣಿ, ಮೂರು ಮೀಟರಿನ ದಾರಿ

ನಮಸ್ಕಾರ. ಆಕ್ಲೆಂಡಿಗೆ ಬಂದು ಐದು ತಿಂಗಳಾಯಿತು, ಸಹೋದ್ಯೋಗಿಯೊಬ್ಬರು ತಮ್ಮ ಐದು ಮೀಟರಿನ ಅಲ್ಯೂಮಿನಿಯಂ ದೋಣಿಯನ್ನು ಟ್ರೇಲರ್ ಸಮೇತ ಮಾರುತ್ತಿದ್ದಾರೆ, ಬಾಡಿಗೆ ಮನೆಯ ಡ್ರೈವ್‌ವೇ ಮೂರು ಮೀಟರ್ ಅಗಲವಿದ್ದು ಕೊನೆಯಲ್ಲಿ ಗ್ಯಾರೇಜಿನ ಕಡೆಗೆ ತಿರುಗುತ್ತದೆ, ಇದನ್ನು ಒಳಗೆ ತರುವುದು ನಮ್ಮಂಥವರಿಂದ ಆದೀತೇ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ದೋಣಿಯ ಬೆಲೆ ಕೇಳುವ ಮೊದಲು ಟೇಪ್ ಹಿಡಿಯಬೇಕು.

ಐದು ಮೀಟರ್ ಎಂದು ಅವರು ಹೇಳಿದ್ದು ದೋಣಿಯ ಉದ್ದವನ್ನು ಮಾತ್ರ. ಮುಂದೆ ಟ್ರೇಲರಿನ ಮೂತಿ, ಹಿಂದೆ ಎತ್ತಿ ಕಟ್ಟಿದ ಎಂಜಿನ್ ಸೇರಿದರೆ ಅದು ಆರೂವರೆ ಮೀಟರಿಗೆ ಹೋಗುತ್ತದೆ. ಗ್ಯಾರೇಜಿನ ಉದ್ದ ಬಹುಪಾಲು ಮನೆಗಳಲ್ಲಿ ಆರು ಮೀಟರಿನ ಆಸುಪಾಸು ಇರುವುದರಿಂದ, ಓರೆಯಾಗಿ ನಿಲ್ಲಿಸಿದರೂ ಬಾಗಿಲು ಮುಚ್ಚದೆ ಹೋಗಬಹುದು; ದೋಣಿಯ ಮೇಲೆ ಕ್ಯಾನೊಪಿ, ಅಂದರೆ ನೆರಳಿನ ಚಾವಣಿ, ಇದ್ದರೆ ಬಾಗಿಲಿನ ಎತ್ತರವೇ ಸಾಲದು. ಕೆಲವು ಟ್ರೇಲರ್‌ಗಳ ಮೂತಿ ಬಿಜಾಗರಿಯ ಮೇಲೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಅದನ್ನು ಕೇಳಿ ನೋಡಿ. ರಸ್ತೆಯ ಬದಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಡ್ರೈವ್‌ವೇ ಪಕ್ಕದ ಮನೆಯವರೊಂದಿಗೆ ಹಂಚಿಕೊಂಡದ್ದಾದರೆ ಅಲ್ಲಿಯೂ ನಿಲ್ಲಿಸುವಂತಿಲ್ಲ. ಮನೆಯ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.

ನಾನು ಮುಧೋಳದ ಕಡೆಯವನು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಮುಂದೆ ಸಾಲು ನಿಂತಿದ್ದನ್ನು ನೋಡುತ್ತ ಬೆಳೆದೆ; ನನ್ನ ಸೋದರಮಾವ ಹಿಂದಕ್ಕೆ ಹೊರಳಿ ಕೂತು, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಬೀಡಿ ಆರದಂತೆ ಟ್ರಾಲಿಯನ್ನು ಕೊಟ್ಟಿಗೆಯ ಪಕ್ಕಕ್ಕೆ ಸೇರಿಸುತ್ತಿದ್ದ. ಹೀಗಾಗಿ ಈ ವಿದ್ಯೆ ನನ್ನ ರಕ್ತದಲ್ಲಿಯೇ ಇದೆ ಎಂದುಕೊಂಡಿದ್ದೆ. ದೋಣಿ ತಂದ ಮೊದಲ ಭಾನುವಾರ, ಕಣ್ಣೆಲ್ಲ ಹಿಂದಿನ ಟ್ರೇಲರಿನ ಮೇಲೆಯೇ ನೆಟ್ಟಿದ್ದಾಗ, ತಿರುವಿನಲ್ಲಿ ಕಾರಿನ ಮುಂದಿನ ಮೂಲೆ ಹೊರಕ್ಕೆ ಬೀಸಿ ನೆರೆಯವರ ಬೇಲಿಯ ಎರಡು ಹಲಗೆಗಳನ್ನು ಮುರಿಯಿತು. ಅವರು ಬೈಯಲಿಲ್ಲ, ಸುತ್ತಿಗೆ ತಂದು ಹಲಗೆ ಬಡಿದು, ಕಾರಿನಲ್ಲಿ ನನ್ನ ಪಕ್ಕ ಕೂತು ಕಲಿಸಿದರು.

ಅವರು ಕಲಿಸಿದ್ದು ಇಷ್ಟು. ಹಿಂದಕ್ಕೆ ಹೋಗುವಾಗ ಕಾರಿನ ಬೆನ್ನು ಎಡಕ್ಕೆ ಹೋದರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದೆ, ಮನಸ್ಸು ಗೊಂದಲಗೊಳ್ಳುವುದು ಇಲ್ಲಿಯೇ. ಅದಕ್ಕೆ ಕೈಯನ್ನು ಸ್ಟೇರಿಂಗಿನ ಕೆಳತುದಿಯಲ್ಲಿ, ಗಡಿಯಾರದ ಆರರ ಜಾಗದಲ್ಲಿ ಇಡಬೇಕು. ಬಾಲ ಯಾವ ಕಡೆಗೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿದರಾಯಿತು, ಉಳಿದ ಲೆಕ್ಕವನ್ನು ಕಾರು ನೋಡಿಕೊಳ್ಳುತ್ತದೆ. ಟ್ರೇಲರ್ ತಿರುಗಲು ಹಿಡಿದ ಕೂಡಲೇ ಕೈಯನ್ನು ಮೆಲ್ಲಗೆ ಎದುರು ದಿಕ್ಕಿಗೆ ತಂದು ಕಾರನ್ನು ಅದರ ಹಿಂದೆಯೇ ಬಿಡಬೇಕು. ಹಾಗೆ ಮಾಡದಿದ್ದರೆ ಕೋನ ಹೆಚ್ಚುತ್ತ ಹೋಗಿ ಎರಡೂ ಚಾಕುವಿನಂತೆ ಮಡಚಿಕೊಂಡು ಟ್ರೇಲರಿನ ಮೂತಿ ನಿಮ್ಮ ಬಂಪರಿಗೆ ಬಡಿಯುತ್ತದೆ. ಕೋನ ಕೈಮೀರುತ್ತಿದೆ ಎನಿಸಿದರೆ ನಿಲ್ಲಿಸಿ, ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡು ಮತ್ತೆ ಹೊರಡಿ. ಆ್ಯಕ್ಸಿಲರೇಟರ್ ಮುಟ್ಟುವ ಅಗತ್ಯ ಸಮತಟ್ಟಾದ ಜಾಗದಲ್ಲಿ ಬೀಳುವುದೇ ಇಲ್ಲ.

ಇಲ್ಲಿಯೂ ನಮ್ಮಲ್ಲಿಯಂತೆ ಚಾಲಕನ ಸೀಟು ಬಲಕ್ಕಿದೆ. ಆದ್ದರಿಂದ ಗೇಟು ನಿಮ್ಮ ಬಲಕ್ಕೆ ಬರುವಂತೆ ರಸ್ತೆಯ ಆ ತುದಿಯಿಂದ ಬಂದರೆ, ಕಿಟಕಿಯಿಂದ ತಲೆ ಹೊರಹಾಕಿ ಟ್ರೇಲರಿನ ಚಕ್ರ ಗೇಟಿನ ಕಂಬವನ್ನು ದಾಟುವುದನ್ನು ಕಣ್ಣಾರೆ ನೋಡಬಹುದು; ಎಡಕ್ಕೆ ತಿರುಗಿಸಿದರೆ ದೋಣಿಯ ಹೊಟ್ಟೆಯೇ ಎಲ್ಲವನ್ನೂ ಮರೆಮಾಡುತ್ತದೆ. ಎದುರಿನ ಸಾಲಿಗೆ ಅಡ್ಡ ಬರುವ ಕೆಲಸವಾದ್ದರಿಂದ ರಸ್ತೆ ಖಾಲಿಯಿರುವ ಹೊತ್ತನ್ನು ಆರಿಸಿಕೊಳ್ಳಿ ಮತ್ತು ಒಬ್ಬರನ್ನು ಹೊರಗೆ ನಿಲ್ಲಿಸಿ. ನಮ್ಮ ಮನೆಯವರು ಮೊದಮೊದಲು "ಬಲಕ್ಕೆ, ಬಲಕ್ಕೆ" ಎಂದು ಕೂಗುತ್ತಿದ್ದರು, ಅದು ಅವರ ಬಲವೋ ನನ್ನ ಬಲವೋ ಟ್ರೇಲರಿನ ಬಲವೋ ತಿಳಿಯದೆ ನಮ್ಮಿಬ್ಬರಲ್ಲಿ ಮಾತು ಬಿಡುವ ಮಟ್ಟಕ್ಕೆ ಹೋಗಿತ್ತು. ಈಗ "ನಿಂಬೆ ಗಿಡದ ಕಡೆ", "ಬೇಲಿಯ ಕಡೆ" ಎನ್ನುತ್ತಾರೆ, ಎರಡು ಸಲದಲ್ಲಿ ದೋಣಿ ಒಳಗಿರುತ್ತದೆ. ಹೊರಗೆ ನಿಂತವರು ಕನ್ನಡಿಯಲ್ಲಿ ಕಾಣದಾದರೆ ಆ ಕ್ಷಣವೇ ಬ್ರೇಕ್ ಒತ್ತಬೇಕು.

ನಿಮ್ಮ ಡ್ರೈವ್‌ವೇಯ ಕೊನೆಯ ತಿರುವನ್ನು ಕಾರಿನಿಂದ ದಾಟಿಸಲು ಆಗದೇ ಹೋದೀತು ಎಂದೇ ನನ್ನ ಅಂದಾಜು. ಆಗ ಟ್ರೇಲರನ್ನು ಬಿಚ್ಚಿ, ಮೂತಿಯ ಕೆಳಗಿನ ಪುಟ್ಟ ಚಕ್ರವನ್ನು (ಜಾಕಿ ವೀಲ್) ಇಳಿಸಿ, ಇಬ್ಬರು ಸೇರಿ ಕೈಯಿಂದ ತಿರುಗಿಸಿ ನೂಕಬಹುದು; ಕಾಂಕ್ರೀಟ್ ಗಟ್ಟಿಯಾಗಿದ್ದು ಚಕ್ರಗಳಲ್ಲಿ ಗಾಳಿ ತುಂಬಿದ್ದರೆ ಅದು ಅಷ್ಟೇನೂ ಕಷ್ಟವಲ್ಲ. ಇಳಿಜಾರಿದ್ದರೆ ಮಾತ್ರ ಈ ಸಾಹಸ ಬೇಡ, ಏಕೆಂದರೆ ಈ ಗಾತ್ರದ ಬಹಳಷ್ಟು ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ, ಕೊಕ್ಕೆ ಕಳಚಿದ ಮರುಗಳಿಗೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟೆ ಕೊಡದೆ ಕಪ್ಲಿಂಗ್ (ಟ್ರೇಲರಿನ ಮೂತಿಯಲ್ಲಿ ಕಾರಿಗೆ ಸಿಕ್ಕಿಸುವ ಬಟ್ಟಲು) ಬಿಚ್ಚಬೇಡಿ. ಇಲ್ಲಿನ ಕೆಲವರು ಕಾರಿನ ಮುಂದಿನ ಬಂಪರಿಗೂ ಒಂದು ಟೋ ಬಾಲ್, ಅಂದರೆ ಕಪ್ಲಿಂಗ್ ಕೂರುವ ಲೋಹದ ಗುಂಡು, ಹಾಕಿಸಿಕೊಂಡು, ಟ್ರೇಲರನ್ನು ಎದುರಿಗಿಟ್ಟುಕೊಂಡು ನೂಕುತ್ತಾರೆ. ಕಣ್ಣೆದುರೇ ಎಲ್ಲವೂ ಕಾಣುವುದರಿಂದ ಅದು ಬಹಳ ಸುಲಭ, ಆದರೆ ನಿಮ್ಮ ಕಾರಿಗೆ ಹೊಂದುತ್ತದೆಯೇ ಎಂದು ಮೆಕ್ಯಾನಿಕ್ಕನನ್ನು ಕೇಳಬೇಕು.

ಟೋ ಬಾಲ್ ಎಂದಾಗ ನೆನಪಾಯಿತು: ಈ ದೇಶದಲ್ಲಿ 50 ಮಿಲಿಮೀಟರಿನದೂ 1⅞ ಇಂಚಿನದೂ ಎರಡೂ ಬಳಕೆಯಲ್ಲಿವೆ, ವ್ಯತ್ಯಾಸ ಎರಡೂವರೆ ಮಿಲಿಮೀಟರಿಗಿಂತ ಕಡಿಮೆ. ದೊಡ್ಡ ಕಪ್ಲಿಂಗನ್ನು ಚಿಕ್ಕ ಬಾಲಿನ ಮೇಲೆ ಕೂರಿಸಿದರೆ ಕೂತಂತೆ ಕಾಣಿಸಿ ಉಬ್ಬಿನಲ್ಲಿ ಕಳಚಿಕೊಳ್ಳುತ್ತದೆ. ಅಳತೆಯ ಅಂಕಿ ಬಾಲಿನ ಮೇಲೆಯೇ ಕೊರೆದಿರುತ್ತದೆ, ಓದಿ ನೋಡಿ. ಟ್ರೇಲರಿಗೂ ಪ್ರತ್ಯೇಕ ರಿಜಿಸ್ಟ್ರೇಶನ್ ಮತ್ತು ವಾರಂಟ್ ಆಫ್ ಫಿಟ್‌ನೆಸ್ (ರಸ್ತೆಗಿಳಿಯಲು ಸುರಕ್ಷಿತ ಎಂಬ ತಪಾಸಣಾ ಪತ್ರ) ಬೇಕು.

ಅಭ್ಯಾಸವನ್ನು ಹಾಫ್ ಮೂನ್ ಬೇಯಂಥ, ದೋಣಿಗಳನ್ನು ನೀರಿಗಿಳಿಸುವ ರ‍್ಯಾಂಪಿನಲ್ಲಿ ಶನಿವಾರ ಬೆಳಿಗ್ಗೆ ಶುರುಮಾಡಬೇಡಿ, ಹಿಂದೆ ಕಾದಿರುವ ಹತ್ತು ದೋಣಿಗಳ ಎದುರು ಕೈಕಾಲು ಆಡುವುದಿಲ್ಲ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಾಲ್ಕು ಬಕೆಟ್ ಇಟ್ಟು, ಅವು ನಿಮ್ಮ ಗೇಟಿನ ಕಂಬಗಳೆಂದು ತಿಳಿದು ಎರಡು ಗಂಟೆ ತಿರುಗಿಸಿ. ಬರುವ ಶನಿವಾರ ಮಧ್ಯಾಹ್ನ ನಾನೇ ಟೇಪ್ ಮತ್ತು ಸೀಮೆಸುಣ್ಣ ಹಿಡಿದು ಬರುತ್ತೇನೆ. ಟ್ರೇಲರಿನ ಅಳತೆಯನ್ನು ನಿಮ್ಮ ಕಾಂಕ್ರೀಟಿನ ಮೇಲೆ ಬರೆದು ನೋಡೋಣ. ಅಲ್ಲಿಯವರೆಗೆ ನಿಮ್ಮ ಸಹೋದ್ಯೋಗಿಗೆ ಮುಂಗಡ ಕೊಡಬೇಡಿ.